ಕುಂಕುಮ ಹಚ್ಚಿದ ಬ್ಯಾಟರಿ

ಸಬ್ಬಸಿಗೆ ಸೊಪ್ಪಿನ ವಾಸನೆ ಬಂದರೆ ಕನ್ನಡದವರಿಗೆ ಹಸಿವಾಗುತ್ತದೆ. ನನಗೆ ಸಿಟ್ಟು ಬರುತ್ತದೆ. ಮೊನ್ನೆ ಪೆರಂಬೂರಿನ ಛತ್ರದಲ್ಲಿ ನಮ್ಮ ಕನ್ನಡ ಸಂಘದ ರಾಜ್ಯೋತ್ಸವದ ಊಟವಿತ್ತು. ನನ್ನ ಅಕ್ಕ, ಪದ್ಮಕ್ಕ, ದೊಡ್ಡ ಕಾವಲಿಯ ಮುಂದೆ ನಿಂತು ಅಕ್ಕಿರೊಟ್ಟಿ ತಟ್ಟುತ್ತಿದ್ದಳು. ಹಿಟ್ಟಿಗೆ ಕೈ ಬಿಚ್ಚಿ ಸಬ್ಬಸಿಗೆ ಹಾಕಿದ್ದಳು. ಅದು ಬಿಸಿಗೆ ತಗುಲಿ ಘಮ್ಮೆಂದದ್ದೇ, ತಟ್ಟೆ ಹಿಡಿದು ಸಾಲು ನಿಂತಿದ್ದ ಜನ ‘ಆಹಾ’ ಎಂದರು. ಪಕ್ಕದಲ್ಲಿ ಕಾಯಿ ತುರಿಯುತ್ತಿದ್ದ ನಾನು ಹಲ್ಲು ಕಚ್ಚಿದೆ. ಯಾವ ವರ್ಷವನ್ನು ಮರೆತೆ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದೆನೋ ಅದೇ ವರ್ಷ ಮೂಗಿನೊಳಗೆ ಬಂದು ಕೂತಿತು.

ನಾವು ಚನ್ನರಾಯಪಟ್ಟಣದ ಕಡೆಯವರು. ಇಬ್ಬರೂ ಮದುವೆಯಾಗಿ ಈ ತಮಿಳು ಊರಿಗೆ ಬಂದು ಮಾಧವರಂನ ಒಂದೇ ಬೀದಿಯಲ್ಲಿ ಮನೆ ಮಾಡಿಕೊಂಡೆವು. ಪದ್ಮಕ್ಕ ಹಾಲಿನ ಡೈರಿಯ ಲ್ಯಾಬಿನಲ್ಲಿದ್ದಳು, ಭಾವ ರೈಲ್ವೆ ವರ್ಕ್‌ಶಾಪಿನಲ್ಲಿ. ಕೆಲಸ ಬಿಟ್ಟ ಮೇಲೆ ಮಧ್ಯಾಹ್ನದ ಸೀರಿಯಲ್ ನೋಡಿಕೊಂಡು ಕೂರುವ ಜಾಯಮಾನ ಅವಳದಲ್ಲ. ಪುಳಲ್ ಕೆರೆಯ ಹಿಂಬದಿಯಲ್ಲಿ ಏಳುಮಲೈ ಎಂಬ ಮುದುಕರ ಜಮೀನಿನ ಒಂದು ತುಂಡನ್ನು ಗುತ್ತಿಗೆಗೆ ಹಿಡಿದು ಸೊಪ್ಪು ಬೆಳೆಯಲು ಶುರುಮಾಡಿದಳು. ದಂಟು, ಹರಿವೆ, ಮೆಂತ್ಯ ಎಲ್ಲ ಇತ್ತು, ಆದರೆ ಅವಳ ಜೀವ ಇದ್ದದ್ದು ಸಬ್ಬಸಿಗೆಯಲ್ಲಿ. ಇಲ್ಲಿಯ ಸೊಪ್ಪಿನ ಅಂಗಡಿಗಳಲ್ಲಿ ಅದನ್ನು ಕೇಳಿದರೆ ‘ಅದು ಮದ್ದಲ್ಲವಾಮ್ಮ?’ ಎನ್ನುತ್ತಾರೆ. ಹಾಗಾಗಿ ಸಬ್ಬಸಿಗೆ ತಿನ್ನದೆ ವರ್ಷಗಟ್ಟಲೆ ಕಳೆದ ಕನ್ನಡದ ಮನೆಗಳೆಲ್ಲ ಪದ್ಮಕ್ಕನಿಗೆ ಫೋನ್ ಮಾಡುತ್ತಿದ್ದವು. ಒಬ್ಬಾಕೆ ಅಣ್ಣಾನಗರದಿಂದ ಆಟೋ ಮಾಡಿಕೊಂಡು ಬಂದು ಎರಡು ಕಂತೆ ಒಯ್ದಳು. ಆಟೋದವನು ‘ಈ ಹುಲ್ಲಿಗಾ ಇಷ್ಟು ದೂರ?’ ಎಂದು ಕೇಳಿದನಂತೆ.

ಜಮೀನಿಗೆ ಕರೆಂಟ್ ಇರಲಿಲ್ಲ. ಕೃಷಿ ಕನೆಕ್ಷನ್ನಿಗೆ ಕಾದೂ ಕಾದೂ ಏಳುಮಲೈ ತಾತನ ತಲೆ ನೆರೆತಿತ್ತು. ಒಂದು ಹಳೆಯ ಡೀಸೆಲ್ ಎಂಜಿನ್ ಇತ್ತು, ಅದು ಮನಸ್ಸಿದ್ದ ದಿನ ಓಡುತ್ತಿತ್ತು. ಬರಿಯ ಸೋಲಾರ್ ಪಂಪು ಹಾಕಿಸೋಣವೆಂದರೆ ಬಾವಿಯ ಊಟೆ ಸಣ್ಣದು. ಬಿಸಿಲು ನೆತ್ತಿಗೇರಿ ಪಂಪು ಜೋರಾಗಿ ಓಡುವ ಹೊತ್ತಿಗೆ ಬಾವಿ ತಳ ಕಾಣುತ್ತದೆ. ರಾತ್ರಿಯೆಲ್ಲ ನೀರು ಊರಿ ಬೆಳಗಿನ ಜಾವಕ್ಕೆ ಬಾವಿ ತುಂಬಿರುತ್ತದೆ, ಆಗ ಸೂರ್ಯನೇ ಇಲ್ಲ. ಅದೂ ಅಲ್ಲದೆ ಸಬ್ಬಸಿಗೆಯ ಎಳೆ ಪೈರಿಗೆ ಮಟಮಟ ಮಧ್ಯಾಹ್ನ ಕಾದ ಮರಳಿನ ಮೇಲೆ ನೀರು ಬಿಟ್ಟರೆ ಬೆಂದೇ ಹೋಗುತ್ತದೆ. ಮಧ್ಯಾಹ್ನದ ಬಿಸಿಲನ್ನು ಬ್ಯಾಟರಿಯಲ್ಲಿ ಕೂಡಿಟ್ಟು ಬೆಳಗಿನ ಜಾವ ಪಂಪು ಓಡಿಸಿದರೆ ಎರಡೂ ತೊಂದರೆ ತಪ್ಪುತ್ತದೆ. ಇಷ್ಟೇ ಲೆಕ್ಕ. ಇದನ್ನು ಪದ್ಮಕ್ಕ ತಾನೇ ಕೂತು ಯೋಚಿಸಿದ್ದಳು, ಯಾರೂ ಹೇಳಿಕೊಟ್ಟದ್ದಲ್ಲ.

ಅವಸರಕ್ಕೆ ಕಾರಣ ಬೇರೆ ಇತ್ತು. ಆ ವರ್ಷ ಆಡಿ ಮಾಸದಲ್ಲಿ, ನಮ್ಮ ಆಷಾಢದ ಹೊತ್ತಿಗೆ, ತಾತ ಬಂದು ಬದುವಿನ ಮೇಲೆ ಕೂತರು. ಅವರ ಮಗ ಜಮೀನನ್ನು ಪ್ಲಾಟು ಮಾಡಿ ಮಾರುವವರ ಜೊತೆ ಮಾತಾಡಿಕೊಂಡಿದ್ದ. “ಪೊಂಗಲ್ ವರೈಕ್ಕುಂ ಪಚ್ಚೆಯಾ ಇರುಂದಾ ಪೋದುಂಮಾ” ಎಂದರು. ಪೊಂಗಲ್‌ವರೆಗೆ ಹಸಿರಾಗಿದ್ದರೆ ಸಾಕಮ್ಮ. ಪೊಂಗಲ್‌ಗೆ ನೆಂಟರೆಲ್ಲ ಬರುತ್ತಾರೆ, ಅವರ ಮುಂದೆ ಹೊಲ ತೋರಿಸಿ, ಬೆಳೆಯುವ ನೆಲವನ್ನು ಮಾರುವುದಿಲ್ಲ ಎಂದು ಮಗನ ಬಾಯಿ ಮುಚ್ಚಿಸುತ್ತೇನೆ. ಒಣಗಿ ಬಿದ್ದಿದ್ದರೆ ನನಗೆ ಮಾತಿರುವುದಿಲ್ಲ. ಅವರು ಹೇಳಿದ್ದು ಇಷ್ಟೇ. ಪದ್ಮಕ್ಕ “ಇರುತ್ತೆ ತಾತಾ” ಎಂದು ಮಾತು ಕೊಟ್ಟಳು.

ಆಗ ಬಂದವನು ಗುರುಪ್ರಸಾದ. ಸೋಲಾರ್ ಕಂಪನಿಯ ಮ್ಯಾನೇಜರು. ಅಕ್ಕ ಫೋನಿನಲ್ಲಿ ನನ್ನೊಡನೆ ಮಾತಾಡುತ್ತಿದ್ದುದನ್ನು ಕೇಳಿ ಅವನ ಮುಖ ಊರಗಲ ಅರಳಿತಂತೆ.

“ಅಕ್ಕಾ, ಕನ್ನಡದೋರಾ? ಯಾವೂರು?”

“ಚನ್ನರಾಯಪಟ್ಟಣ ಕಣಪ್ಪ.”

“ಅಯ್ಯೋ ಶಿವನೇ! ನಮ್ಮಮ್ಮನ ತವರು ಅಲ್ಲೇ ಪಕ್ಕ. ಹಂಗಾದ್ರೆ ನೀವು ನಮ್ಮೋರೇ ಆದ್ರಿ ಬಿಡಿ.”

ಆಯಿತು, ಅಲ್ಲಿಗೆ ಮುಗಿಯಿತು. ಅವತ್ತೇ ಮನೆಗೆ ಕರೆತಂದು ಉಪ್ಪಿಟ್ಟು, ನಿಪ್ಪಟ್ಟು, ಕಾಫಿ. ಮುಂದಿನ ವಾರ ಅವರೆಕಾಳು ಸಾರು. ಇನ್ನೊಂದು ಕಂಪನಿಯವರನ್ನು ಕರೆಸಿ ಕೇಳಲಿಲ್ಲ. ಈ ಊರಿನಲ್ಲಿ ತಮಿಳು ಮಾತಾಡುವವನು ಹತ್ತು ಪೈಸೆ ಹೆಚ್ಚು ಹೇಳಿದರೆ ಬೀದಿಯವರೆಗೆ ಅಟ್ಟಿಸಿಕೊಂಡು ಹೋಗುವ ನಾವು, ‘ನಮ್ಮೋರು’ ಎಂಬ ಒಂದು ಮಾತಿಗೆ ಕರಗಿ ನೀರಾದೆವು. ನನ್ನ ಮಗಳು ನಿತ್ಯಾಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲೇ. ಅವಳು ಆವತ್ತೇ ತಮಿಳಿನಲ್ಲಿ ಗೊಣಗಿದಳು: “ಇದೇ ಮಾತನ್ನ ಅವನು ತಮಿಳಲ್ಲಿ ಹೇಳಿದ್ದಿದ್ರೆ ನೀವಿಬ್ಬರೂ ನೂರು ಪ್ರಶ್ನೆ ಕೇಳಿರೋರು.” ನಾನು ಅವಳ ತಲೆಗೆ ಮೊಟಕಿದೆ.

ಪದ್ಮಕ್ಕ ಒಂದು ಮಾತನ್ನು ಮಾತ್ರ ಹೇಳಿಯೇ ಹೇಳಿದ್ದಳು. ಪಂಪುಮನೆಯ ಗೋಡೆಯ ಮೇಲೆ, ಸೊಂಟದೆತ್ತರದಲ್ಲಿ, ಹಿಂದಿನ ಯಾವುದೋ ಮಳೆಗಾಲದ ನೀರು ಬಿಟ್ಟುಹೋದ ಕಂದು ಗೆರೆ ಇತ್ತು. ಅದನ್ನು ತೋರಿಸಿ ಹೇಳಿದಳು:

“ಗುರು, ಇಲ್ಲಿವರೆಗೂ ನೀರು ಬಂದಿತ್ತು ನೋಡು. ಬ್ಯಾಟರಿ ಪೆಟ್ಟಿಗೇನ ಕಟ್ಟೆ ಕಟ್ಟಿ ಮೇಲಿಡಪ್ಪ.”

“ಕಟ್ಟಿಸಿಕೊಡ್ತೀನಿ ಅಕ್ಕ, ನಿಮಗೆ ಮಾಡ್ದೆ ಇನ್ಯಾರಿಗೆ ಮಾಡ್ಲಿ? ಆದ್ರೆ ಈಗ ಕಾಂಕ್ರೀಟು ಕ್ಯೂರಿಂಗು ಅಂತ ಕೂತ್ರೆ ಉದ್ಘಾಟನೆ ತಪ್ಪೋಗುತ್ತೆ. ನಮ್ಮ ದೊಡ್ಡ ಸಾಹೇಬ್ರು ಬರ್ತಾವ್ರೆ. ಮುಗೀಲಿ, ಮಾರನೇ ದಿನವೇ ಆಳು ಕಳಿಸ್ತೀನಿ.”

ಆ ಮಾರನೇ ದಿನ ಇವತ್ತಿಗೂ ಬಂದಿಲ್ಲ. ಸಾಹೇಬರು ಬಂದರು, ಗುಂಡಿ ಒತ್ತಿದರು, ಎಳನೀರು ಕುಡಿದರು, ಹೋದರು. ‘ಈ ಹೊಲ ಸೂರ್ಯನಿಂದ ನಡೆಯುತ್ತದೆ’ ಎಂದು ಇಂಗ್ಲಿಷಿನಲ್ಲಿ ಬರೆದ ಬೋರ್ಡು ನೆಟ್ಟರು. ಹಳೆಯ ಡೀಸೆಲ್ ಎಂಜಿನನ್ನು ಎಕ್ಸ್‌ಚೇಂಜ್ ಎಂದು ಗಾಡಿಗೆ ಹಾಕಿಕೊಂಡು ಹೋದರು. ಬ್ಯಾಟರಿ, ಪಂಪಿನ ಕಂಟ್ರೋಲರ್ ಎರಡೂ ಇದ್ದ ಬೀರುವಿನಂಥ ಪೆಟ್ಟಿಗೆ ನೆಲದ ಮೇಲೆಯೇ ಉಳಿಯಿತು.

ಆದರೂ ಮೊದಲ ಎರಡು ತಿಂಗಳು ಚೆನ್ನಾಗಿತ್ತು, ಸುಳ್ಳು ಹೇಳಲಾರೆ. ಬೆಳಗಿನ ಜಾವ ಅಕ್ಕನ ಸ್ಕೂಟರಿನ ಹಿಂದೆ ಕೂತು ಹೋಗುತ್ತಿದ್ದೆ. ಕತ್ತಲು ಹರಿಯುವ ಮೊದಲೇ ಪಂಪು ಶುರುವಾಗಿ ಸ್ಪ್ರಿಂಕ್ಲರುಗಳು ಚಿಸ್ ಚಿಸ್ ಎಂದು ತಿರುಗುತ್ತಿರುತ್ತಿದ್ದವು. ಹೊಗೆಯಿಲ್ಲ, ಸದ್ದಿಲ್ಲ, ಹಗ್ಗ ಎಳೆದು ಎಂಜಿನ್ನಿಗೆ ಬೈಯುವುದಿಲ್ಲ. ನಿನ್ನೆಯ ಬಿಸಿಲು ಇವತ್ತು ನೀರಾಗಿ ಬೀಳುತ್ತಿದೆಯಲ್ಲ ಎಂದು ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮಗುವಿನ ಹಾಗೆ ನಿಂತು ನೋಡುವಳು.

ಆಯುಧಪೂಜೆ ಬಂತು. ನಮ್ಮ ಕಡೆ ಆಯುಧಪೂಜೆಗೆ ಸೌಟು, ಕತ್ತರಿ, ಸ್ಕೂಟರು ಯಾವುದನ್ನೂ ಬಿಡುವುದಿಲ್ಲ. ಮನೆಯ ಅನ್ನ ದುಡಿಯುವ ವಸ್ತುವನ್ನು ಬಿಡುತ್ತೇವೆಯೇ? ಪ್ಯಾನೆಲ್ಲುಗಳನ್ನು ತೊಳೆದು, ಕಂಬಗಳಿಗೆ ಬಾಳೆಕಂದು ಕಟ್ಟಿ, ಚೌಕಟ್ಟಿಗೆ ಅರಿಶಿನ ಕುಂಕುಮ ಇಟ್ಟು, ಬೂದುಗುಂಬಳ ಒಡೆಯಲು ತಯಾರಾದೆವು. ಗುರುಪ್ರಸಾದ ಫೋಟೋದವನನ್ನು ಕರೆದುಕೊಂಡು ಬಂದ. ಅವನ ಉತ್ಸಾಹವೋ ಉತ್ಸಾಹ.

“ಅಕ್ಕಾ, ಇನ್ನೊಂಚೂರು ಕುಂಕುಮ ಹಾಕಿ, ಫೋಟೋದಲ್ಲಿ ಕೆಂಪಗೆ ಕಾಣ್ಬೇಕು. ಪೆಟ್ಟಿಗೆ ಬಾಗಿಲು ತೆಗೀರಿ. ಬ್ಯಾಟರಿಗೂ ಒಂದು ಬೊಟ್ಟು ಇಡಿ.”

“ಬೇಡ ಕಣಪ್ಪ, ಕರೆಂಟಿರೋ ವಸ್ತು. ಬಾಗಿಲಿಗಿಟ್ಟರೆ ಸಾಕು.”

“ಏನೂ ಆಗಲ್ಲ ಅಕ್ಕ, ನಾನಿದೀನಲ್ಲ. ಅದೇ ಅಲ್ವಾ ಮುಖ್ಯ ದೇವ್ರು?”

ಎಲ್ಲರೂ ನಕ್ಕೆವು. ಅಕ್ಕ ಬ್ಯಾಟರಿಯ ಹೊರಮೈಗೆ ಒಂದೇ ಒಂದು ಬೊಟ್ಟಿಟ್ಟಳು. ಫೋಟೋ ಕ್ಲಿಕ್ಕಿಸಿದರು. ಮಾರನೆಯ ದಿನ ವಿಜಯದಶಮಿ. ಒದ್ದೆ ಬಟ್ಟೆಯಲ್ಲಿ ಪ್ಯಾನೆಲ್ಲುಗಳನ್ನೆಲ್ಲ ಒರೆಸಿ, ಒಳ್ಳೆಯ ದಿನವೆಂದು ಸಬ್ಬಸಿಗೆ ಬೀಜ ಎರಚಿದಳು.

ಆ ವರ್ಷ ಮಳೆ ತಡಮಾಡಿತು. ಇಲ್ಲಿಯ ಮಳೆಗಾಲದ ಐಪ್ಪಸಿ ಮಾಸವೆಲ್ಲ ಬರಿ ಮೋಡ, ಬೆವರು. ಬ್ಯಾಟರಿಯ ದಯೆಯಿಂದ ಸಬ್ಬಸಿಗೆ ಗೇಣೆತ್ತರ ಎದ್ದು ನಿಂತಿತು. ಆಮೇಲೆ ಟಿವಿಯವರು ಚಂಡಮಾರುತ ಬರುತ್ತಿದೆ ಎಂದು ಬಾಯಿ ಬಡಿದುಕೊಳ್ಳತೊಡಗಿದರು. ಭಾವ ಹೆಚ್ಚು ಮಾತಿನವರಲ್ಲ. ಆವತ್ತು ತಾವಾಗಿ ಬಂದು, “ವರ್ಕ್‌ಶಾಪಿನಿಂದ ಇಬ್ಬರು ಗೆಳೆಯರನ್ನ ಕರ್ಕೊಂಡು ಚೈನ್ ಪುಲ್ಲಿ ತರ್ತೀನಿ. ಅರ್ಧ ಗಂಟೆ ಕೆಲಸ, ಪೆಟ್ಟಿಗೇನ ಎತ್ತಿ ಕಲ್ಲಿನ ಮೇಲೆ ಕೂರಿಸಿಬಿಡ್ತೀವಿ” ಎಂದರು. ಅಕ್ಕ ಯಾವುದಕ್ಕೂ ಒಂದು ಮಾತು ಕೇಳಿಬಿಡೋಣವೆಂದು ಗುರುಪ್ರಸಾದನಿಗೆ ಫೋನ್ ಮಾಡಿದಳು. ಸ್ಪೀಕರಿನಲ್ಲಿಟ್ಟಿದ್ದಳು, ನಾನೂ ಕೇಳಿದೆ.

“ಅಯ್ಯೋ ಅಕ್ಕಾ, ಮುಟ್ಟಬೇಡಿ! ಕಂಪನಿಯೋರಲ್ದೆ ಬೇರೆಯೋರು ಮುಟ್ಟಿದ್ರೆ ವಾರಂಟಿ ಹೋಗ್ಬಿಡುತ್ತೆ. ಅದು ನೀರು ಒಳಗೆ ಹೋಗದಿರೋ ಪೆಟ್ಟಿಗೆ. ನೆಮ್ಮದಿಯಾಗಿ ಮಲಗಿ.”

ಮುಟ್ಟಲಿಲ್ಲ. ಅರ್ಧ ಗಂಟೆಯ ಕೆಲಸ. ಅವನ ನಾಲಿಗೆ ಬಿದ್ದುಹೋಗ.

ಮಳೆ ಎರಡು ಹಗಲು, ಎರಡು ರಾತ್ರಿ ಹೊಡೆಯಿತು. ಮೂರನೆಯ ದಿನ ನಾವಿಬ್ಬರೂ ಸೊಂಟಮಟ್ಟದ ನೀರಿನಲ್ಲಿ ಕೈ ಕೈ ಹಿಡಿದುಕೊಂಡು ಹೊಲಕ್ಕೆ ಹೋದೆವು. ಗೋಡೆಯ ಕಂದು ಗೆರೆಗೆ ಸರಿಯಾಗಿ ನೀರು ನಿಂತಿತ್ತು. ಪೆಟ್ಟಿಗೆ ಅರ್ಧ ಮುಳುಗಿತ್ತು. ಬಾಗಿಲ ಮೇಲೆ ಆಯುಧಪೂಜೆಯ ಅರಿಶಿನ ಇನ್ನೂ ಹಾಗೇ ಇತ್ತು. ಅಕ್ಕ ನನ್ನ ಕಡೆ ತಿರುಗಿದಳು. “ಬೀಜ ಇನ್ನೂ ಇದೆ ಸುಮಾ, ನೀರು ಇಳಿದ ತಕ್ಷಣ ಹಾಕಿದ್ರೆ ಪೊಂಗಲ್ ಹೊತ್ತಿಗೆ ಬರುತ್ತೆ” ಎಂದಳು. ಮೊದಲ ಬೆಳೆ ಕೊಳೆತು ನಾತ ಹೊಡೆಯುತ್ತಿತ್ತು.

ನೀರು ಇಳಿಯಿತು. ಬೀಜ ಹಾಕಿದಳು. ಮಾರ್ಗಳಿಯ, ಅಂದರೆ ನಮ್ಮ ಧನುರ್ಮಾಸದ, ತಂಪಿಗೆ ಅದು ಮುದ್ದುಮುದ್ದಾಗಿ ಮೊಳೆಯಿತು. ಮಳೆ ಮಾತ್ರ ಮತ್ತೆ ಈ ಕಡೆ ಸುಳಿಯಲಿಲ್ಲ. ದಿನವೂ ನೀಲಿ ಆಕಾಶ, ಒಳ್ಳೆಯ ಬಿಸಿಲು. ಬಾವಿ ಬಾಯಿಮಟ್ಟ ತುಂಬಿತ್ತು, ಕೈ ಚಾಚಿದರೆ ನೀರು. ಪ್ಯಾನೆಲ್ಲುಗಳು ಮೇಲೆ ಚೆನ್ನಾಗಿಯೇ ಇದ್ದವು. ನಡುವಿನ ಪೆಟ್ಟಿಗೆ ಸತ್ತಿತ್ತು. ಡೀಸೆಲ್ ಪಂಪು ಬಾಡಿಗೆಗೆ ತರೋಣವೆಂದರೆ ಸುತ್ತಲಿನ ಪಂಪುಗಳೆಲ್ಲ ಕಾಲೋನಿಗಳ ಬೇಸ್‌ಮೆಂಟಿನ ನೀರು ಎತ್ತಲು ಹೋಗಿದ್ದವು. ತಲೆಯ ಮೇಲೆ ಸೂರ್ಯ, ಕಾಲ ಬುಡದಲ್ಲಿ ನೀರು, ಕಣ್ಣೆದುರಿಗೆ ಒಣಗುವ ಪೈರು. ನಾವಿಬ್ಬರು ಕೊಡದಲ್ಲಿ ಹೊತ್ತೆವು. ಭಾವ ಡ್ಯೂಟಿ ಮುಗಿಸಿ ಬಂದು ಹೊತ್ತರು. ಒಂದು ತುದಿಗೆ ಹಾಕುವ ಹೊತ್ತಿಗೆ ಇನ್ನೊಂದು ತುದಿ ತಲೆ ಬಾಗಿಸುತ್ತಿತ್ತು.

ಗುರುಪ್ರಸಾದ ಫೋನು ಎತ್ತುವುದನ್ನು ನಿಲ್ಲಿಸಿದ್ದ. ಕೊನೆಗೆ ಕಂಪನಿಯಿಂದ ಒಬ್ಬ ಬಂದ. ಪೆಟ್ಟಿಗೆ ತೆರೆದ, ಗೋಡೆಯ ಗೆರೆಯ ಕಡೆ ತಿರುಗಿಯೂ ನೋಡಲಿಲ್ಲ. ಬಾಗಿಲ ಅರಿಶಿನದ ಫೋಟೋ, ಬ್ಯಾಟರಿಯ ಮೇಲೆ ಮಾಸಿದ ಕುಂಕುಮದ ಫೋಟೋ ತೆಗೆದುಕೊಂಡು ಹೋದ. ವಾರ ಕಳೆದ ಮೇಲೆ ಉತ್ತರ ಬಂತು. ಪೂಜಾ ಸಾಮಗ್ರಿ ಒಳಗೆ ಹೋಗಿ ಬ್ಯಾಟರಿ ಕೆಟ್ಟಿದೆಯಂತೆ. ಗ್ರಾಹಕರ ದುರ್ಬಳಕೆಯಂತೆ. ವಾರಂಟಿ ಇಲ್ಲವಂತೆ.

ನನ್ನ ಮೈಯೆಲ್ಲ ಹತ್ತಿಕೊಂಡು ಉರಿಯಿತು. ಅಕ್ಕನನ್ನು ಎಳೆದುಕೊಂಡು ಬಸ್ಸು ಹತ್ತಿ ಅವರ ಆಫೀಸಿಗೆ ಹೋದೆ. ಕಾದು ಕಾದು ಸಾಕಾದ ಮೇಲೆ ಗುರುಪ್ರಸಾದನ ಕೋಣೆಗೆ ಬಿಟ್ಟರು. ಅಕ್ಕ ಕೂತ ತಕ್ಷಣ, “ಗುರು, ಇನ್ನೂ ಟೈಮಿದೆ ಕಣಪ್ಪ. ಕಂಟ್ರೋಲರ್ ಒಂದಾದ್ರೂ ಬದಲಾಯಿಸಿಕೊಡು, ಹಗಲು ಹೊತ್ತಲ್ಲೇ ಪಂಪು ಓಡಿಸ್ಕೋತೀನಿ. ಆ ಮುದುಕರಿಗೆ ಮಾತು ಕೊಟ್ಟಿದೀನಿ” ಎಂದಳು. ಬೇಡಿಕೊಂಡಳು ಎಂದೇ ಹೇಳಬೇಕು. ನಮ್ಮಕ್ಕ ಯಾರ ಹತ್ತಿರವೂ ಹಾಗೆ ಮಾತಾಡಿದ್ದನ್ನು ನಾನು ಕಂಡಿರಲಿಲ್ಲ.

ಅವನು ಕಂಪ್ಯೂಟರಿನಿಂದ ಕಣ್ಣು ತೆಗೆಯದೆ ಇಂಗ್ಲಿಷಿನಲ್ಲಿ ಹೇಳಿದ: “ಪ್ಲೀಸ್ ಸೆಂಡ್ ಎ ಮೈಲ್, ಮೇಡಂ. ವಿ ವಿಲ್ ರಿವರ್ಟ್.”

ಅಕ್ಕ ಅವನನ್ನೇ ನೋಡಿದಳು. “ಯಾಕಪ್ಪ, ಕನ್ನಡ ಮರ್ತೋಯ್ತಾ?”

“ದಿಸ್ ಈಸ್ ದಿ ಪ್ರೊಸೀಜರ್, ಮೇಡಂ.”

ನಮ್ಮ ಮನೆಯಲ್ಲಿ ಮೂರು ಸಲ ಬಡಿಸಿಕೊಂಡು ಉಂಡವನು! ಉಂಡ ಮನೆಯ ಗಳ ಇರಿಯುವುದು ಎಂಬ ಗಾದೆಯನ್ನು ಕೇಳಿದ್ದೆ. ಎಸಿ ಹಾಕಿಕೊಂಡು ಟೈ ಕಟ್ಟಿಕೊಂಡು ಇರಿಯುತ್ತಾರೆ ಎಂದು ಗೊತ್ತಿರಲಿಲ್ಲ. ಆಗ ಅವನ ತಲೆಯ ಹಿಂದಿನ ಗೋಡೆ ಕಣ್ಣಿಗೆ ಬಿತ್ತು. ಹೊಸ ವರ್ಷದ ಕ್ಯಾಲೆಂಡರು. ಕಂಪನಿಯ ಹೆಸರು, ಅದರ ಕೆಳಗೆ ದೊಡ್ಡದಾಗಿ ಪದ್ಮಕ್ಕನ ಕೈ, ಕೈಯಲ್ಲಿ ಕುಂಕುಮದ ಭರಣಿ, ಮುಂದೆ ತೆರೆದ ಬಾಗಿಲು, ಬ್ಯಾಟರಿಯ ಮೇಲೆ ಕೆಂಪಗೆ ಬೊಟ್ಟು. ಪರಂಪರೆ ಮತ್ತು ತಂತ್ರಜ್ಞಾನದ ಸಂಗಮ ಎಂದೇನೋ ಇಂಗ್ಲಿಷಿನಲ್ಲಿ ಅಚ್ಚಾಗಿತ್ತು.

ನಾನು ಎದ್ದು ಹೋಗಿ ಮೊಳೆಯಿಂದ ಅದನ್ನು ಕಿತ್ತು ಅವನ ಮೇಜಿನ ಮೇಲೆ ಬಡಿದೆ. “ಇದು ದುರ್ಬಳಕೆ ಆದ್ರೆ ಊರಿಗೆಲ್ಲ ಯಾಕ್ರೀ ಹಂಚಿದ್ರಿ? ಬೊಟ್ಟಿಡಿ ಅಂದೋರು ಯಾರು? ಎತ್ತಬೇಡಿ ಅಂದೋರು ಯಾರು? ಮುಳುಗಿಸಿದ್ದು ನೀರಾ, ಕುಂಕುಮಾನಾ? ಹೇಳ್ರೀ!”

ಹೊರಗಿನವರೆಲ್ಲ ಗಾಜಿನ ಬಾಗಿಲಿಗೆ ಬಂದು ನಿಂತರು. ಅವನು ಕ್ಯಾಲೆಂಡರನ್ನು ನೆಟ್ಟಗೆ ಮಾಡಿ, ಸುಕ್ಕು ಸವರಿ, ತಣ್ಣಗೆ ಹೇಳಿದ: “ದಟ್ ಈಸ್ ಮಾರ್ಕೆಟಿಂಗ್, ಮೇಡಂ. ಡಿಫರೆಂಟ್ ಡಿಪಾರ್ಟ್‌ಮೆಂಟ್.”

ಮನುಷ್ಯನಿಗೆ ನಾಚಿಕೆ ಎಂಬುದು ಇರಬೇಕು. ಇಲ್ಲದಿದ್ದರೆ ಏನೂ ಮಾಡಲಾಗುವುದಿಲ್ಲ. ಬಸ್ಸಿನಲ್ಲಿ ವಾಪಸು ಬರುವಾಗ ನಾನು ಅವನ ಏಳು ತಲೆಮಾರನ್ನೂ ಬೈಯುತ್ತಿದ್ದೆ. ಅಕ್ಕ ಕಿಟಕಿಯ ಆಚೆ ನೋಡುತ್ತಿದ್ದಳು. ಮಾಧವರಂ ಬಂದಾಗ, “ಒಂದು ಮಾತು ಕನ್ನಡದಲ್ಲಿ ಹೇಳಿದ್ರೆ ಸಾಕಿತ್ತು ಕಣೇ. ಇಲ್ಲ ಅನ್ನೋದನ್ನಾದ್ರೂ” ಎಂದಳು. ಆಗ ನನಗೂ ಅಳು ಬಂತು.

ನಿತ್ಯಾ ಕೂತು ಮೈಲುಗಳನ್ನು ಬರೆದಳು. ಪ್ರತಿ ಸಲವೂ ನಿಮ್ಮ ಪತ್ರ ತಲುಪಿದೆ ಎಂದು ಯಂತ್ರವೊಂದು ಉತ್ತರ ಕೊಟ್ಟಿತು. ಗ್ರಾಹಕರ ದೂರಿನ ಕಡೆ ಹೋದೆವು. ಅದು ಇವತ್ತಿಗೂ ನಡೆಯುತ್ತಲೇ ಇದೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ, ಅದರಿಂದ ಪೈರಿಗೆ ನೀರು ಬರಲಿಲ್ಲ.

ಭೋಗಿಯ ಹಿಂದಿನ ದಿನ ಏಳುಮಲೈ ತಾತ ಹೊಲಕ್ಕೆ ಬಂದರು. ಬಾವಿಯ ಸುತ್ತ, ನಾವು ಕೊಡದಲ್ಲಿ ಹೊತ್ತು ಉಳಿಸಿಕೊಂಡ ನಾಲ್ಕು ಮಡಿ ಮಾತ್ರ ಹಸಿರಾಗಿತ್ತು. ಮಿಕ್ಕಿದ್ದೆಲ್ಲ ಒಣಗಿ, ಹಳದಿಯಾಗಿ ನೆಲ ಹಿಡಿದಿತ್ತು. ಅವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಒಂದು ಒಣಕಡ್ಡಿ ಕಿತ್ತು ಮೂಸಿ, “ವಾಸನೆ ಇನ್ನೂ ಇದೆಯಮ್ಮ” ಎಂದು ತಮಿಳಿನಲ್ಲಿ ಹೇಳಿ ಪಂಚೆ ಕೊಡವಿಕೊಂಡು ಹೊರಟರು. ಹಬ್ಬಕ್ಕೆ ಬಂದ ನೆಂಟರ ಮುಂದೆ ಮಗ ಮಾತಾಡಿದ, ತಾತ ಸುಮ್ಮನಿದ್ದರಂತೆ. ಪೊಂಗಲ್‌ನಿಂದ ಶುರುವಾಗುವ ತೈ ಮಾಸ ಮುಗಿಯುವ ಮೊದಲೇ ಪ್ಲಾಟಿನ ಗುರುತಿಗೆ ಹಳದಿ ಬಣ್ಣ ಬಳಿದ ಕಲ್ಲುಗಳನ್ನು ಹೊಲದ ತುಂಬ ನೆಟ್ಟರು. ಸೂರ್ಯನಿಂದ ನಡೆಯುತ್ತದೆ ಎಂಬ ಬೋರ್ಡು ಮಾತ್ರ ಬಹಳ ದಿನ ಆ ಕಲ್ಲುಗಳ ನಡುವೆ ನಿಂತಿತ್ತು.

ಇಷ್ಟೆಲ್ಲ ಮೂಗಿನೊಳಗೆ ತುಂಬಿಕೊಂಡು ನಾನು ಮೊನ್ನೆ ಕಾಯಿ ತುರಿಯುತ್ತಿದ್ದೆ. ರೊಟ್ಟಿಯ ಸಬ್ಬಸಿಗೆ ಹೊಸೂರಿನಿಂದ ಬಸ್ಸಿನಲ್ಲಿ ಬಂದದ್ದು. ಬರುವಷ್ಟರಲ್ಲಿ ಬಾಡಿ ಬೆಂಡಾಗಿತ್ತು, ಅಕ್ಕ ನೀರು ಚಿಮುಕಿಸಿ ಚಿಮುಕಿಸಿ ಜೀವ ಬರಿಸಿದ್ದಳು. ಆಗ ಸಾಲಿನಿಂದ ಒಂದು ದನಿ ಕೇಳಿಸಿತು.

“ಅಕ್ಕಾ! ಚೆನ್ನಾಗಿದೀರಾ? ಎಷ್ಟು ದಿನ ಆಗೋಯ್ತು ನೋಡಿ! ವಾಸನೆ ಹಿಡ್ಕೊಂಡೇ ಬಂದೆ ಕಣ್ರೀ. ನಿಮ್ಮ ಹೊಲದ್ದೇನಾ ಸೊಪ್ಪು?”

ಗುರುಪ್ರಸಾದ. ಎದೆಯ ಮೇಲೆ ಅರಿಶಿನ ಕುಂಕುಮದ ಬಣ್ಣದ ಬ್ಯಾಡ್ಜು, ಕೈಯಲ್ಲಿ ತಟ್ಟೆ, ಮುಖದ ತುಂಬ ಅದೇ ನಗು. ನನ್ನ ಕೈಯಲ್ಲಿ ಅರ್ಧ ಹೋಳು ತೆಂಗಿನಕಾಯಿ ಇತ್ತು. ಎಸೆದೇಬಿಡುತ್ತಿದ್ದೆ. ಅಕ್ಕ ನನ್ನ ಕಡೆ ಒಂದು ನೋಟ ಬೀರಿದಳು, ಅಷ್ಟಕ್ಕೆ ತಡೆದುಕೊಂಡೆ.

ಅವಳು ಕಾವಲಿಯಿಂದ ರೊಟ್ಟಿ ಎತ್ತಿದಳು. ಒಳ್ಳೆಯ ರೊಟ್ಟಿ, ಹದವಾಗಿ ಕೆಂಪಾಗಿತ್ತು. ಚಾಚಿದ ಅವನ ತಟ್ಟೆಯನ್ನು ದಾಟಿಸಿ, ಹಿಂದೆ ನಿಂತಿದ್ದ ಹೆಂಗಸಿನ ತಟ್ಟೆಗೆ ಹಾಕಿ, ಮೇಲೆ ಬೆಣ್ಣೆ ಇಟ್ಟಳು.

“ಅಕ್ಕಾ, ನಂಗೆ?”

ಅಕ್ಕ ಸೆರಗಿಗೆ ಕೈ ಒರೆಸಿಕೊಂಡು ಅವನ ಮುಖ ನೋಡಿದಳು. “ಪ್ಲೀಸ್ ಸೆಂಡ್ ಎ ಮೈಲ್, ಸರ್” ಎಂದಳು.

“ವಿ ವಿಲ್ ರಿವರ್ಟ್” ಎಂದು ನಾನು ಸೇರಿಸಿದೆ.

ಅವನ ನಗು ಅಲ್ಲಿಯೇ ಹೆಪ್ಪುಗಟ್ಟಿತು. ಖಾಲಿ ತಟ್ಟೆ ಹಿಡಿದುಕೊಂಡು ನಿಂತೇ ಇದ್ದ. ಅಕ್ಕ ಮುಂದಿನ ಉಂಡೆ ತೆಗೆದುಕೊಂಡು ತಟ್ಟತೊಡಗಿದಳು. ಸಾಲಿನ ಹಿಂದಿನಿಂದ ಯಾರೋ, “ಸ್ವಲ್ಪ ಜರುಗ್ರೀ ಸ್ವಾಮಿ, ರೊಟ್ಟಿ ಆರೋಗುತ್ತೆ” ಎಂದರು.